ಬಾತ್‌ರೂಮ್ ಸೀಲಿಂಗಿಗೆ ಬೂಷ್ಟು ಹಿಡಿದರೆ: ನೀರಿನ ಮೂಲ ಹುಡುಕುವುದರಿಂದ ಬಣ್ಣ ಹಚ್ಚುವವರೆಗೆ

ಜೂನ್‌ನಲ್ಲಿ ಮಳೆ ಹಿಡಿದರೆ ಆಗಸ್ಟ್ ಹೊತ್ತಿಗೆ ಬಾತ್‌ರೂಮಿನ ಸೀಲಿಂಗ್ ಮೂಲೆಯಲ್ಲಿ ಕರಿಚುಕ್ಕೆಗಳು ಏಳುತ್ತವೆ. ದೀಪಾವಳಿಗೆ ಮುಂಚೆ ಪೇಂಟರನ್ನು ಕರೆಸಿ ಒಂದು ಕೋಟ್ ಬಣ್ಣ ಹೊಡೆಸುತ್ತಾರೆ. ಮರುವರ್ಷ ಅದೇ ಮೂಲೆ, ಅದೇ ಚುಕ್ಕೆ, ಇನ್ನಷ್ಟು ಅಗಲ. ಬಣ್ಣ ಕಳಪೆ ಎಂದು ಬೈದುಕೊಳ್ಳುವುದು ಸುಲಭ, ಆದರೆ ತಪ್ಪು ಬಹುತೇಕ ಕೆಲಸದ ಕ್ರಮದಲ್ಲಿರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ತಿಳಿಯಬೇಕು. ಅದನ್ನು ನಿಲ್ಲಿಸಿ, ಬೂಷ್ಟು ತೊಳೆದು, ಪೂರ್ತಿ ಒಣಗಿಸಿ, ಕೊನೆಗೆ ಬಣ್ಣದ ಡಬ್ಬಿ ತೆರೆಯಬೇಕು. ಹೆಚ್ಚಿನವರು ಕೊನೆಯ ಹೆಜ್ಜೆಯಿಂದ ಶುರುಮಾಡುತ್ತಾರೆ.

ಅದು ಬೂಷ್ಟೇ ಹೌದೇ?

ಸೀಲಿಂಗ್ ಮೇಲೆ ಕಾಣುವ ಕಲೆಯೆಲ್ಲ ಬೂಷ್ಟಲ್ಲ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ದ್ರವ ಬೆರೆಸಿ, ಹತ್ತಿಯಲ್ಲಿ ಅದ್ದಿ ಒಂದು ಚುಕ್ಕೆಗೆ ಒತ್ತಿ. ಒಂದೆರಡು ನಿಮಿಷದಲ್ಲಿ ಬಣ್ಣ ಮಾಸಿದರೆ ಬೂಷ್ಟು. ಹಾಗೇ ಉಳಿದರೆ ಧೂಳು ಅಥವಾ ಮಸಿ.

ಬಿಳಿಯಾಗಿ, ಹತ್ತಿಯ ಎಳೆಯಂತೆ ಅಥವಾ ಪುಡಿಯಂತೆ ಉಬ್ಬಿಕೊಂಡಿದ್ದರೆ ಗೋಡೆಯಿಂದ ಹೊರಬಂದ ಲವಣ ಇರಬಹುದು. ಬೆರಳಲ್ಲಿ ಉಜ್ಜಿದರೆ ಗರಗರ ಪುಡಿಯಾಗುತ್ತದೆ, ವಿನೆಗರ್ ಬಿಟ್ಟರೆ ಹಲವು ಸಲ ಗುಳ್ಳೆ ಏಳುತ್ತದೆ. ಲವಣ ಕಂಡರೆ ಅದೊಂದು ಮುಖ್ಯ ಸುಳಿವು: ನೀರು ಸ್ಲ್ಯಾಬಿನ ಒಳಗಿಂದ ಇಳಿಯುತ್ತಿದೆ, ಬರೀ ಸ್ನಾನದ ಹಬೆಯಿಂದ ಲವಣ ಹೀಗೆ ಒಸರುವುದಿಲ್ಲ.

ಕರಿಯೋ, ಹಸಿರೋ, ಕಂದೋ ಎಂಬುದನ್ನು ನೋಡಿ ಯಾವ ಜಾತಿಯ ಬೂಷ್ಟು ಎಂದು ಹೇಳಲಾಗದು. ಲ್ಯಾಬ್ ಪರೀಕ್ಷೆಗೆ ಹಣ ಹಾಕುವ ಅಗತ್ಯವೂ ಇಲ್ಲ, ಯಾವುದಾದರೂ ತೆಗೆಯುವ ವಿಧಾನ ಒಂದೇ. ಮನೆಯಲ್ಲಿ ಅಸ್ತಮಾ ಅಥವಾ ಅಲರ್ಜಿ ಇರುವವರಿದ್ದರೆ ಕೆಲಸ ಮುಗಿದು ಬಾತ್‌ರೂಮ್ ಒಣಗುವವರೆಗೆ ಅವರು ಅತ್ತ ಬರುವುದು ಬೇಡ.

ನೀರು ಎಲ್ಲಿಂದ?

ಮೂಲ ಎರಡೇ: ಕೆಳಗಿನಿಂದ ಏರುವ ಹಬೆ, ಮೇಲಿನಿಂದ ಇಳಿಯುವ ಸೋರಿಕೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಹಬೆಯ ಲೆಕ್ಕ ನೋಡಿ. 5 ಅಡಿ ಅಗಲ, 8 ಅಡಿ ಉದ್ದ, 9 ಅಡಿ ಎತ್ತರದ ಬಾತ್‌ರೂಮಿನಲ್ಲಿ ಸುಮಾರು 10 ಘನ ಮೀಟರ್ ಗಾಳಿ ಇರುತ್ತದೆ. 35 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 40 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು, 25 ಡಿಗ್ರಿಯಲ್ಲಿ 23 ಗ್ರಾಂ ಮಾತ್ರ. ಬಿಸಿನೀರ ಸ್ನಾನದಲ್ಲಿ ಕೋಣೆ ಹಬೆಯಿಂದ ತುಂಬಿ ಆಮೇಲೆ ತಣಿದರೆ ಆ ವ್ಯತ್ಯಾಸದ ನೀರು, ಅಂದರೆ ಒಂದು ಲೋಟದಷ್ಟು, ಗೋಡೆ ಮತ್ತು ಸೀಲಿಂಗ್ ಮೇಲೆ ಕೂರುತ್ತದೆ. ಟೈಲ್ಸ್ ಮೇಲೆ ಕೂತದ್ದು ಜಾರಿ ಹೋಗುತ್ತದೆ. ಸೀಲಿಂಗಿನ ಪುಟ್ಟಿ (ಬಣ್ಣಕ್ಕೆ ಮುಂಚೆ ನುಣುಪಿಗೆಂದು ಎಳೆಯುವ ಲೇಪ) ಮತ್ತು ಡಿಸ್ಟೆಂಪರ್ (ಅಗ್ಗದ ನೀರುಬಣ್ಣ) ಅದನ್ನು ಹೀರಿಕೊಳ್ಳುತ್ತವೆ. ಮನೆಯಲ್ಲಿ ನಾಲ್ಕು ಜನ ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೆ ಒಣಗಲು ಸಮಯವೇ ಸಿಗುವುದಿಲ್ಲ. ಹಂಚಿನ ಮಾಡಿನ ಹಳೆಯ ಬಚ್ಚಲಿನಲ್ಲಿ ಹಂಡೆಯ ನೀರು ಕೊತಕೊತ ಕುದಿಯುತ್ತಿದ್ದರೂ ಹಬೆ ಹಂಚಿನ ಸಂದಿಯಿಂದ ಹೊರಟುಹೋಗುತ್ತಿತ್ತು. ಆರ್‌ಸಿಸಿ ಹಾಕಿಸಿ ಟೈಲ್ಸ್ ಮೆತ್ತಿದ ಮೇಲೆ ಆ ದಾರಿ ಮುಚ್ಚಿತು.

ಹಬೆಯ ಬೂಷ್ಟು ಸೀಲಿಂಗ್ ತುಂಬ ಸಣ್ಣ ಚುಕ್ಕೆಗಳಾಗಿ, ಮೂಲೆಗಳಲ್ಲಿ ಮತ್ತು ಹೊರಗೋಡೆಯ ಅಂಚಿನಲ್ಲಿ ದಟ್ಟವಾಗಿ ಹರಡುತ್ತದೆ. ಹೊರಗೋಡೆ ತಣ್ಣಗಿರುವುದೇ ಕಾರಣ. ಮೇಲಿನ ಮಹಡಿಯ ಮನೆಗಳಲ್ಲಿ ಇದು ಮಳೆಗಾಲಕ್ಕಿಂತ ಡಿಸೆಂಬರ್–ಜನವರಿಯಲ್ಲಿ ಜೋರಾಗುವುದೂ ಇದೆ: ಬೆಂಗಳೂರು, ಮೈಸೂರಿನಂಥ ಕಡೆ ರಾತ್ರಿಯೆಲ್ಲ ಬಯಲಿಗೆ ತೆರೆದುಕೊಂಡ ತಾರಸಿ ತಣ್ಣಗಾಗುತ್ತದೆ, ಬೆಳಗಿನ ಸ್ನಾನದ ಹಬೆ ನೇರ ಅಲ್ಲಿಗೇ ಬಡಿಯುತ್ತದೆ.

ಸೋರಿಕೆಯ ಬೂಷ್ಟು ಒಂದು ಜಾಗಕ್ಕೆ ಸೀಮಿತ. ಸುತ್ತ ಕಂದು ಅಥವಾ ಹಳದಿ ಉಂಗುರ, ಉಬ್ಬಿದ ಬಣ್ಣ, ಉದುರುವ ಪ್ಲಾಸ್ಟರ್, ಪೈಪ್ ಹಾದುಹೋಗುವ ಕಡೆ ತೇವ.

ಅನುಮಾನ ಉಳಿದರೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗಿಗೆ ನಾಲ್ಕೂ ಕಡೆ ಅಗಲ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ. ಟೇಪ್ ಕೂರುವ ಜಾಗವನ್ನು ಮೊದಲು ಒರೆಸಿ ಹೇರ್ ಡ್ರೈಯರಿನಿಂದ ಒಣಗಿಸಿಕೊಳ್ಳಿ, ಇಲ್ಲವಾದರೆ ರಾತ್ರಿಯೇ ಕಳಚಿ ಬೀಳುತ್ತದೆ. ಒಂದರಿಂದ ಎರಡು ದಿನ ಬಿಡಿ. ಹಾಳೆಯ ಒಳಬದಿ, ಅಂದರೆ ಸ್ಲ್ಯಾಬಿನ ಕಡೆ, ಹನಿ ಕಟ್ಟಿದ್ದರೆ ತೇವ ಕಾಂಕ್ರೀಟಿನಿಂದ ಬರುತ್ತಿದೆ. ಹೊರಬದಿ ಮಾತ್ರ ಹನಿಯಿದ್ದರೆ ಹಬೆ.

ಸೋರಿಕೆಯಾಗಿದ್ದರೆ

ನಿಮ್ಮ ಮೇಲೆ ಇನ್ನೊಂದು ಮನೆಯ ಬಾತ್‌ರೂಮ್ ಇದ್ದರೆ ಅದು ಬಹುತೇಕ ಸಂಕ್ ಸ್ಲ್ಯಾಬ್ ಮೇಲೆ ಕೂತಿರುತ್ತದೆ. ಸ್ಲ್ಯಾಬನ್ನು ಒಂದಡಿಯಷ್ಟು ತಗ್ಗಿಸಿ, ಪೈಪ್ ಹಾಸಿ, ಆ ಗುಂಡಿಯನ್ನು ಇಟ್ಟಿಗೆ ಚೂರಿನಿಂದ ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ಟೈಲ್ಸ್ ಸಂದಿಯಿಂದಲೋ ನಾನಿ ಟ್ರ್ಯಾಪಿನ (ನೆಲದ ನೀರು ಹರಿದುಹೋಗುವ ಜಾಲರಿ ಬಾಯಿ) ಸುತ್ತಲಿನ ಬಿರುಕಿನಿಂದಲೋ ಇಳಿದ ನೀರು ಆ ಚೂರುಗಳ ನಡುವೆ ನಿಂತು, ದಿನಗಟ್ಟಲೆ ನಿಮ್ಮ ಸೀಲಿಂಗಿಗೆ ಜಿನುಗುತ್ತದೆ.

ಯಾವ ಪೈಪ್ ಎಂದು ತಿಳಿಯಲು ಮೇಲಿನ ಮನೆಯವರ ಸಹಕಾರ ಬೇಕು. ಮೊದಲು ಆ ಬಾತ್‌ರೂಮಿಗೆ ಹೋಗುವ ನೀರಿನ ವಾಲ್ವ್ ಅನ್ನು ಒಂದು ದಿನ ಮುಚ್ಚಿ, ಆದರೆ ಬಕೆಟ್‌ನಲ್ಲಿ ನೀರು ತಂದು ಎಂದಿನಂತೆ ಬಳಸಲಿ. ತೇವ ಕಡಿಮೆಯಾದರೆ ಗೋಡೆಯೊಳಗಿನ ನೀರಿನ ಪೈಪ್ ಸೋರುತ್ತಿದೆ. ಕಡಿಮೆಯಾಗದಿದ್ದರೆ ಹೆಚ್ಚಾಗಿ ಡ್ರೈನ್ ಅಥವಾ ನೆಲ. ಎರಡನೆಯದಾಗಿ, ಒಂದು ಬಕೆಟ್ ನೀರಿಗೆ ಅಡುಗೆಗೆ ಬಳಸುವ ಕೆಂಪು ಬಣ್ಣ ಕಲಸಿ ನಾನಿ ಟ್ರ್ಯಾಪಿಗೆ ಸುರಿಸಿ. ಸೀಲಿಂಗಿನಲ್ಲಿ ಬಣ್ಣ ಕಂಡರೆ ಟ್ರ್ಯಾಪ್ ಅಥವಾ ಅದರ ಪೈಪಿನ ಜಾಯಿಂಟ್. ಚೂರುಗಳ ನಡುವೆ ಹಾದು ಬರಬೇಕಾದ್ದರಿಂದ ಒಂದೆರಡು ದಿನ ಹಿಡಿಯಬಹುದು, ಬಣ್ಣ ತೆಳುವಾಗಿಯೂ ಬರಬಹುದು. ಮೂರನೆಯದು ನೆಲದ ಪರೀಕ್ಷೆ: ಟ್ರ್ಯಾಪಿನ ಬಾಯಿಗೆ ಬಟ್ಟೆ ಗಿಡಿದು ಒಂದಂಗುಲ ನೀರು ನಿಲ್ಲಿಸಿ, 24 ಗಂಟೆ ಕೆಳಗಿನಿಂದ ಗಮನಿಸಿ. ನೀರು ಹೊಸ್ತಿಲು ದಾಟದಂತೆ ನೋಡಿಕೊಳ್ಳಿ.

ದುರಸ್ತಿ ಮೇಲಿನಿಂದಲೇ ಆಗಬೇಕು. ಟೈಲ್ಸ್ ಸಂದಿಯ ಹಳೆಯ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸುವುದು, ಟ್ರ್ಯಾಪಿನ ಸುತ್ತ ಮುಚ್ಚುವುದು ಮೊದಲ ಪ್ರಯತ್ನ. ಅದಕ್ಕೂ ನಿಲ್ಲದಿದ್ದರೆ ನೆಲ ಒಡೆದು ವಾಟರ್‌ಪ್ರೂಫಿಂಗ್ ಮಾಡಿಸದೆ ಗತಿಯಿಲ್ಲ. ಕೆಳಗಿನಿಂದ ನಿಮ್ಮ ಸೀಲಿಂಗಿಗೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ತೇವ ಕಾಣಿಸುವುದು ನಿಲ್ಲಬಹುದು, ನೀರು ನಿಲ್ಲುವುದಿಲ್ಲ. ಅದು ಸ್ಲ್ಯಾಬಿನೊಳಗೇ ಉಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟಿನ ಪದರವನ್ನೇ ತಳ್ಳುತ್ತದೆ. ಕೋಲಿನ ತುದಿಯಿಂದ ಸೀಲಿಂಗ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ತುಕ್ಕಿನ ಗೆರೆ ಕಂಡರೆ, ಬೂಷ್ಟಿನ ಚಿಂತೆ ಆಮೇಲೆ, ಮೊದಲು ಸಿವಿಲ್ ಎಂಜಿನಿಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಜಾಗದ ಕೆಳಗೆ ನಿಲ್ಲಬೇಡಿ.

ದುರಸ್ತಿಯಾದ ಮೇಲೂ ತುಂಬಿದ ಚೂರುಗಳಲ್ಲಿ ನಿಂತ ನೀರು ವಾರಗಟ್ಟಲೆ ಜಿನುಗುತ್ತದೆ. ಕೆಲಸ ಕೆಟ್ಟಿತೆಂದು ಜಗಳಕ್ಕೆ ಹೋಗುವ ಮುಂಚೆ ತೇವದ ಅಂಚನ್ನು ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಗೆರೆಯ ಒಳಗೆ ತೇವ ಕುಗ್ಗುತ್ತಿದ್ದರೆ ಕಾಯಿರಿ. ಗೆರೆ ದಾಟಿದರೆ ದುರಸ್ತಿ ಸರಿಹೋಗಿಲ್ಲ.

ಹಬೆಯಾಗಿದ್ದರೆ

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ, ಆದರೂ ಬೂಷ್ಟು ಎಂಬ ದೂರು ಸಾಮಾನ್ಯ. 10 ಘನ ಮೀಟರಿನ ಕೋಣೆಯ ಗಾಳಿಯನ್ನು ಗಂಟೆಗೆ 10 ಸಲ ಬದಲಿಸಲು ಗಂಟೆಗೆ 100 ಘನ ಮೀಟರ್ ಎಳೆಯುವ ಫ್ಯಾನ್ ಸಾಕು. ಅಂಗಡಿಯಲ್ಲಿ ಸಿಗುವ 6 ಇಂಚಿನ ಫ್ಯಾನಿಗೆ ಆ ಶಕ್ತಿ ಧಾರಾಳವಾಗಿ ಇರುತ್ತದೆ. ದೋಷ ಇರುವುದು ಗಾಳಿಯ ದಾರಿಯಲ್ಲಿ.

ಮೊದಲನೆಯದು ವೆಂಟಿಲೇಟರ್. ಗಾಜಿನ ಪಟ್ಟಿಗಳ ಕಿಟಕಿಯಲ್ಲಿ ಎರಡು ಪಟ್ಟಿ ತೆಗೆದು ಫ್ಯಾನ್ ಕೂರಿಸಿ, ಉಳಿದ ಪಟ್ಟಿಗಳನ್ನು ತೆರೆದೇ ಬಿಟ್ಟಿರುತ್ತಾರೆ. ಆಗ ಫ್ಯಾನ್ ಪಕ್ಕದ ಸಂದಿಯಿಂದಲೇ ಹೊರಗಿನ ಗಾಳಿ ಎಳೆದು ಹೊರಗೇ ಬಿಡುತ್ತದೆ, ಕೋಣೆಯ ಹಬೆ ಇದ್ದಲ್ಲೇ ಇರುತ್ತದೆ. ಫ್ಯಾನಿನ ಸುತ್ತ ಅಕ್ರಿಲಿಕ್ ಹಾಳೆ ಹೊಂದಿಸಿ ಸಂದಿ ಮುಚ್ಚಿ, ಫ್ಯಾನ್ ಓಡುವಾಗ ಉಳಿದ ಪಟ್ಟಿಗಳನ್ನು ಮುಚ್ಚಿಡಿ.

ಎರಡನೆಯದು ಬಾಗಿಲು. ಹೊರಹೋಗುವಷ್ಟು ಗಾಳಿ ಒಳಬರಬೇಕು. ಬಾಗಿಲಿನ ಅಡಿಯಲ್ಲಿ ಅರ್ಧದಿಂದ ಮುಕ್ಕಾಲು ಅಂಗುಲ ಸಂದಿ ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ಗರಗರ ತಿರುಗುತ್ತದೆ. ಬಾಗಿಲು ಹಾಕಿ, ಫ್ಯಾನ್ ಹಾಕಿ, ಸಂದಿಯ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಸರಸರ ಎಳೆದುಕೊಂಡು ಹೋಗಬೇಕು. ಫ್ಯಾನಿನ ಬಳಿ ಒಂದು ಟಿಶ್ಯೂ ಹಿಡಿದರೆ ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ರೆಕ್ಕೆಗೆ ಹಿಡಿದ ಧೂಳು ತೆಗೆಯಿರಿ, ಹಿಂಬದಿಯ ಶಟರ್ ತೆರೆದುಕೊಳ್ಳುತ್ತಿದೆಯೇ ನೋಡಿ. ಅಪಾರ್ಟ್‌ಮೆಂಟಿನ ಡಕ್ಟಿಗೆ ತೆರೆದ ಫ್ಯಾನುಗಳಲ್ಲಿ ಶಟರ್ ಕಚ್ಚಿಕೊಂಡಿರುವುದು ಬಹಳ.

ಮೂರನೆಯದು ಸಮಯ. ಸ್ನಾನ ಮುಗಿದ ಕೂಡಲೇ ಸ್ವಿಚ್ ಆರಿಸಿದರೆ ಹಬೆ ಅರ್ಧದಲ್ಲೇ ಉಳಿಯುತ್ತದೆ. ಕೊನೆಯವರ ಸ್ನಾನವಾದ ಮೇಲೆ ಇನ್ನೂ 20–30 ನಿಮಿಷ ಓಡಲಿ. 30 ವಾಟ್‌ನ ಫ್ಯಾನ್ ದಿನಕ್ಕೆ ಎರಡು ಗಂಟೆ ಓಡಿದರೂ ತಿಂಗಳಿಗೆ ಎರಡು ಯೂನಿಟ್ ದಾಟುವುದಿಲ್ಲ. ಮರೆತುಹೋಗುತ್ತದೆ ಎನ್ನುವವರು ಟೈಮರ್ ಸ್ವಿಚ್ ಹಾಕಿಸಿಕೊಳ್ಳಿ.

ಸ್ನಾನವಾದ ಮೇಲೆ ಗೋಡೆಯ ನೀರನ್ನು ವೈಪರಿನಿಂದ ಎಳೆದು ಟ್ರ್ಯಾಪಿಗೆ ಬಿಡುವುದೂ ಲಾಭ, ಆ ನೀರು ಆಮೇಲೆ ಆವಿಯಾಗಿ ಸೀಲಿಂಗಿಗೆ ಏರುವುದು ತಪ್ಪುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಬಾತ್‌ರೂಮಿನಲ್ಲಿ ಒಣಹಾಕಿದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಬೀರುವಿನಲ್ಲಿ ಇಡುವ ತೇವ ಹೀರುವ ಡಬ್ಬಿಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಸ್ನಾನದ ಹಬೆಯನ್ನು ಅಷ್ಟು ಬೇಗ ಹೀರಲು ಅವುಗಳಿಂದಾಗದು.

ತೊಳೆಯುವುದು

ಬೂಷ್ಟು ಹಿಡಿದ ಜಾಗ 10 ಚದರ ಅಡಿಗಿಂತ ಕಡಿಮೆಯಿದ್ದರೆ ಮನೆಯವರೇ ತೆಗೆಯಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಮಿತಿಯೂ ಇದೇ. ಅದಕ್ಕಿಂತ ಹೆಚ್ಚಿದ್ದರೆ ಅನುಭವಿಗಳನ್ನು ಕರೆಸುವುದು ಮೇಲು.

ಯಾವ ದ್ರವ ಎಂಬುದು ಸೀಲಿಂಗ್ ಯಾವುದು ಎಂಬುದರ ಮೇಲಿದೆ. ಬಣ್ಣ ಗಟ್ಟಿಯಾಗಿರುವ ಸೀಲಿಂಗಿಗೆ ನಮ್ಮ ಮೊದಲ ಆಯ್ಕೆ ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 6 ಪ್ರತಿಶತದ್ದು. ಸಮಪ್ರಮಾಣ ನೀರು ಸೇರಿಸಿದರೆ 3 ಪ್ರತಿಶತವಾಗುತ್ತದೆ. 40 ಚದರ ಅಡಿಯ ಇಡೀ ಸೀಲಿಂಗಿಗೂ ಬೆರೆಸಿದ ದ್ರಾವಣ ಅರ್ಧ ಲೀಟರ್ ಸಾಕು, ಅಂದಂದಿಗೆ ಬೇಕಾದಷ್ಟೇ ಬೆರೆಸಿ. ಘಾಟಿಲ್ಲ, ಸಣ್ಣ ಕೋಣೆಯಲ್ಲಿ ಅದೇ ದೊಡ್ಡ ಗುಣ. ಬಣ್ಣದ ಸೀಲಿಂಗಾದರೆ ಮೂಲೆಯಲ್ಲಿ ಪರೀಕ್ಷಿಸಿ, ಮಾಸಬಹುದು.

ಬ್ಲೀಚ್ ಬಳಸುವುದಾದರೆ 4–5 ಪ್ರತಿಶತದ ದ್ರವ ಒಂದು ಪಾಲು, ನೀರು ಒಂಬತ್ತು ಪಾಲು. ಬ್ಲೀಚಿಂಗ್ ಪೌಡರಾದರೆ ಲೀಟರ್ ನೀರಿಗೆ ಸುಮಾರು 15 ಗ್ರಾಂ ಕದಡಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿ ಮಾತ್ರ ಬಳಸಿ. ಪೊಟ್ಟಣ ತೆರೆದು ಬಹಳ ದಿನವಾಗಿದ್ದರೆ ಅದರ ಶಕ್ತಿ ಇಳಿದಿರುತ್ತದೆ. ಟೈಲ್ಸ್, ಪಿವಿಸಿ, ಹೊಳಪು ಬಣ್ಣದ ಮೇಲೆ ಬ್ಲೀಚ್ ಚೆನ್ನ. ಪುಡಿಪುಡಿಯಾದ ಪುಟ್ಟಿಯಲ್ಲಿ ಮೇಲಿನ ಕಲೆ ಬಿಳುಪಾಗುತ್ತದೆ, ಒಳಗಿನ ಎಳೆ ಉಳಿಯುತ್ತದೆ. ಅಂಥ ಪುಟ್ಟಿಯನ್ನು ಕೆರೆದು ತೆಗೆಯುವುದೇ ದಾರಿ. ವಿನೆಗರ್ ಸಿಮೆಂಟ್ ಪ್ಲಾಸ್ಟರಿಗೂ ಸುಣ್ಣಕ್ಕೂ ಬೇಡ, ಅವುಗಳ ಕ್ಷಾರ ಅದನ್ನು ಕ್ಷಣದಲ್ಲಿ ಕೊಂದುಬಿಡುತ್ತದೆ.

ಇದೊಂದನ್ನು ಮರೆಯಬೇಡಿ: ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್, ಬಾತ್‌ರೂಮ್ ಆಸಿಡ್, ವಿನೆಗರ್, ಅಮೋನಿಯಾ ಇರುವ ಕ್ಲೀನರ್ ಯಾವುದೂ ಸೇರಕೂಡದು. ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಕಮೋಡಿಗೆ ಆಸಿಡ್ ಹಾಕಿದ ದಿನ ಸೀಲಿಂಗಿಗೆ ಬ್ಲೀಚ್ ಮುಟ್ಟಬೇಡಿ, ಮೇಲಿನಿಂದ ಬಿದ್ದ ಹನಿ ನೇರ ಅಲ್ಲಿಗೇ ಸೇರುತ್ತದೆ.

ಕೆಲಸದ ಕ್ರಮ ಹೀಗೆ:

1. ಗೀಸರ್, ಬಲ್ಬ್, ಫ್ಯಾನಿನ ಎಂಸಿಬಿ (ಆ ಸಾಲಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಕಿಟಕಿ ತೆರೆದಿಡಿ, ಮಲಗುವ ಕೋಣೆಯ ಕಡೆಯ ಬಾಗಿಲು ಮುಚ್ಚಿ. ಬೆಳಕಿಗೆ ಬ್ಯಾಟರಿ ದೀಪ. ಟವೆಲ್, ಬ್ರಷ್, ಸೋಪು ಹೊರಗಿಡಿ, ನಲ್ಲಿ ಮತ್ತು ಶವರಿಗೆ ಪ್ಲಾಸ್ಟಿಕ್ ಸುತ್ತಿ.

2. ಎನ್95 ಮಾಸ್ಕ್, ರಬ್ಬರ್ ಕೈಗವಸು, ತಲೆಗೆ ಬಟ್ಟೆ, ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್ಸ್. ಮುಖ ಮೇಲೆತ್ತಿ ಮಾಡುವ ಕೆಲಸ, ಸಾಮಾನ್ಯ ಕನ್ನಡಕ ಸಾಲದು. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಹತ್ತಬೇಡಿ. ಉದ್ದ ಕೋಲಿನ ಚಪ್ಪಟೆ ಮಾಪ್ ಇದ್ದರೆ ನೆಲದ ಮೇಲೆ ನಿಂತೇ ಮುಗಿಸಬಹುದು.

3. ಒಣ ಬೂಷ್ಟಿಗೆ ಬ್ರಷ್ ಹಾಕಿದರೆ ಅದರ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ಹಿಂಡಿದ ಬಟ್ಟೆಯಿಂದ ಮೊದಲು ಒದ್ದೆ ಮಾಡಿ ಒರೆಸಿ. ಸೋಪಿನ ಜಿಡ್ಡು, ಪೌಡರ್ ಎಲ್ಲ ಬೂಷ್ಟಿಗೆ ಆಹಾರ. ಅದು ಮೊದಲು ಹೋಗಬೇಕು.

4. ಸಾಬೂನಿನ ಅಂಶ ಬರೀ ನೀರಿನಿಂದ ಒರೆಸಿ ತೆಗೆದ ಮೇಲೆ ದ್ರಾವಣವನ್ನು ಸ್ಪಂಜಿನಿಂದ ಹಚ್ಚಿ. ಮೇಲಕ್ಕೆ ಸ್ಪ್ರೇ ಮಾಡಿದರೆ ಅರ್ಧ ನಿಮ್ಮ ಮುಖಕ್ಕೇ ಬರುತ್ತದೆ. 10–15 ನಿಮಿಷ ತೇವವಾಗಿಯೇ ಇರಲಿ, ಒಣಗಿದರೆ ಇನ್ನೊಮ್ಮೆ ಹಚ್ಚಿ.

5. ನೈಲಾನ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಶುದ್ಧ ನೀರಿನಿಂದ ಎರಡು ಸಲ ಒರೆಸಿ. ಕಲೆ ಉಳಿದರೆ ಮರುದಿನ ಇನ್ನೊಮ್ಮೆ ಮಾಡಿ. ದ್ರಾವಣ ಗಟ್ಟಿ ಮಾಡಿ ಪ್ರಯೋಜನವಿಲ್ಲ. ಬಳಸಿದ ಬಟ್ಟೆ, ಸ್ಪಂಜು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ.

ಫಾಲ್ಸ್ ಸೀಲಿಂಗ್ ಇದ್ದವರ ಕತೆ ಬೇರೆ. ಜಿಪ್ಸಮ್ ಬೋರ್ಡಿನ ಮೇಲ್ಮೈ ಕಾಗದದ್ದು, ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ಬೆರಳಿನಿಂದ ಒತ್ತಿದರೆ ಮೆತ್ತಗಾಗಿದ್ದರೆ ತೊಳೆಯುವ ಮಾತೇ ಬೇಡ, ಕಲೆಯ ಅಂಚಿನಿಂದ ಕನಿಷ್ಠ ಒಂದಡಿ ಆಚೆಗೆ ಕತ್ತರಿಸಿ ತೆಗೆಸಿ, ತೇವ ತಡೆಯುವ ಹಸಿರು ಬೋರ್ಡ್ ಹಾಕಿಸಿ. ಪಿವಿಸಿ ಪಟ್ಟಿಗಳನ್ನು ಒರೆಸಿದರೆ ಸಾಕು, ಆದರೆ ಒಂದು ಪಟ್ಟಿ ಬಿಚ್ಚಿ ಮೇಲಿನ ಸ್ಲ್ಯಾಬ್ ನೋಡದೆ ಬಿಡಬೇಡಿ. ಸೋರಿಕೆ ಮುಚ್ಚಿಡಲೆಂದೇ ಪಿವಿಸಿ ಹಾಕಿಸಿರುವ ಮನೆಗಳು ಕಡಿಮೆಯೇನಲ್ಲ.

ಒಣಗಿಸಿ, ಬಣ್ಣ ಹಚ್ಚುವುದು

ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸಕ್ಕೆ ಕೈಹಾಕಬೇಡಿ. ತೊಳೆದು ಬಿಡಿ, ನವೆಂಬರಿನಿಂದ ಮಾರ್ಚ್ ಒಳಗೆ ಬಣ್ಣ ಮಾಡಿಸಿ. ಒಣಗಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಪ್ಲಾಸ್ಟಿಕ್ ಪರೀಕ್ಷೆ: 24 ಗಂಟೆಯಾದರೂ ಒಳಬದಿ ಹನಿ ಕಟ್ಟಬಾರದು.

ಸಡಿಲವಾದ ಬಣ್ಣ, ಪುಟ್ಟಿಯನ್ನು ನೀರು ಚಿಮುಕಿಸಿಕೊಂಡೇ ಸ್ಕ್ರೇಪರಿನಿಂದ ಕೆರೆಯಿರಿ. ಉಪ್ಪುಕಾಗದವನ್ನೂ ಒದ್ದೆ ಮಾಡಿಯೇ ಉಜ್ಜಬೇಕು. ಆಮೇಲೆ ಪೇಂಟ್ ಅಂಗಡಿಯಲ್ಲಿ ಸಿಗುವ ಫಂಗಸ್ ನಿರೋಧಕ ವಾಶ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ.

ಪುಟ್ಟಿಯ ವಿಷಯದಲ್ಲಿ ಪೇಂಟರುಗಳಿಗೂ ನಮಗೂ ಸದಾ ವಾದ. ಸೀಲಿಂಗ್ ಗಾಜಿನಂತೆ ನುಣುಪಾಗಲಿ ಎಂದು ಮೂರು ಕೋಟ್ ಎಳೆಯುತ್ತಾರೆ. ಬಾತ್‌ರೂಮಿಗೆ ನುಣುಪು ಬೇಡ, ದಪ್ಪ ಪುಟ್ಟಿ ತೇವ ಹೀರಿ ಉದುರುತ್ತದೆ. ಗುಂಡಿ ಬಿದ್ದಲ್ಲಿ ಮಾತ್ರ ಬಿಳಿ ಸಿಮೆಂಟಿನ ಪುಟ್ಟಿ ತೆಳುವಾಗಿ ಎಳೆಸಿ, ಅಕ್ರಿಲಿಕ್ ಪುಟ್ಟಿ ಬೇಡ. ಒಂದು ಕೋಟ್ ಪ್ರೈಮರ್, ಮೇಲೆ ಬಾತ್‌ರೂಮಿಗೆಂದೇ ಮಾಡಿದ ಫಂಗಸ್ ನಿರೋಧಕ ಎಮಲ್ಷನ್ ಎರಡು ಕೋಟ್, ನಡುವೆ 4–6 ಗಂಟೆ ಬಿಡುವು. ಸ್ವಲ್ಪ ಹೊಳಪಿರುವುದೇ ಆಗಲಿ, ಒರೆಸಲು ಸುಲಭ. 40 ಚದರ ಅಡಿಗೆ ಒಂದು ಲೀಟರ್ ಡಬ್ಬಿ ಮಿಕ್ಕುತ್ತದೆ. ಡಿಸ್ಟೆಂಪರ್ ಅಗ್ಗವೆಂದು ಹೊಡೆಸಿದರೆ ಮುಂದಿನ ಮಳೆಗೆ ಮತ್ತೆ ಇದೇ ಕೆಲಸ. ಆಯಿಲ್ ಎನಾಮೆಲ್ ಹಚ್ಚಿದರೆ, ಸ್ಲ್ಯಾಬಿನಲ್ಲಿ ಸ್ವಲ್ಪ ತೇವ ಉಳಿದಿದ್ದರೂ ಗುಳ್ಳೆ ಏಳುತ್ತದೆ.

ಹಳೆಯ ಬಣ್ಣ ಪೂರ್ತಿ ಕೆರೆದು ಬರೀ ಪ್ಲಾಸ್ಟರ್ ಉಳಿದಿದ್ದರೆ ಸುಣ್ಣವನ್ನೂ ಯೋಚಿಸಿ. ಅದರ ಪಿಎಚ್ 12ರ ಮೇಲಿರುವುದರಿಂದ ಬೂಷ್ಟು ಅದರ ಮೇಲೆ ಬೇರೂರುವುದು ಕಷ್ಟ. ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರ್ ನೀರಿನಂತೆ ಅರಳಿಸಿ, ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಮೂರು ಸಲ ಬಳಿಯಿರಿ. ಅರಳುವಾಗ ಕುದಿದು ಸಿಡಿಯುತ್ತದೆ, ಕಣ್ಣು ಜೋಪಾನ. ಅಂಟು ಬೆರೆಸಬೇಡಿ, ಅದು ಬೂಷ್ಟಿಗೆ ಊಟ. ಗಾಳಿ ತಾಗಿದಂತೆ ಸುಣ್ಣದ ಕ್ಷಾರ ಇಳಿಯುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಎಮಲ್ಷನ್ ಮೇಲೆ ಬಳಿದರೆ ಹಿಡಿಯದೆ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ.

ಇಷ್ಟಾದರೂ ಮಂಗಳೂರು, ಉಡುಪಿ, ಕಾರವಾರದವರು ಒಂದು ವಿಷಯ ಒಪ್ಪಿಕೊಳ್ಳಬೇಕು. ಬೂಷ್ಟಿಗೆ ಬೇಕಾದದ್ದು ಮೇಲ್ಮೈಯಲ್ಲಿ 80 ಪ್ರತಿಶತದ ಆಸುಪಾಸಿನ ಆರ್ದ್ರತೆ, ಜುಲೈನಲ್ಲಿ ಅಲ್ಲಿನ ಹೊರಗಾಳಿಯೇ ಅದನ್ನು ದಾಟಿರುತ್ತದೆ. ಫ್ಯಾನ್ ಹಬೆಯನ್ನು ಹೊರಹಾಕೀತು, ಕೋಣೆಯನ್ನು ಒಣಗಿಸಲಾರದು. ಮಳೆಗಾಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಒಣ ಬಟ್ಟೆ ಸುತ್ತಿದ ಮಾಪಿನಿಂದ ಸೀಲಿಂಗಿನ ತೇವ ಒರೆಸಿ, ಮೂಲೆಗಳಿಗೆ 3 ಪ್ರತಿಶತದ ಪೆರಾಕ್ಸೈಡ್ ಸ್ಪಂಜಿನಿಂದ ಸವರಿ. ಚುಕ್ಕೆ ಸಾಸಿವೆ ಕಾಳಿನಷ್ಟಿರುವಾಗ ಒರೆಸಿದರೆ ಹತ್ತು ನಿಮಿಷದ ಕೆಲಸ.